ಲಾಭ, ಎರಡು, ಮೂರು

ಜನವರಿ 3, ಶನಿವಾರ

ಗೆದ್ದೆ. ಪೂರ್ತಿ ಗೆಲುವಲ್ಲ. ಆದರೂ ಗೆಲುವೇ.

ಹಾಸನದ ಜಿಮ್ಮಿನಲ್ಲಿ ನಾನು ಭಾರ ಎತ್ತುವುದನ್ನು ಯಾರೋ ಫೋನಿನಲ್ಲಿ ಹಿಡಿದು ಹರಿಯಬಿಟ್ಟಿದ್ದಾರೆ. ಹದಿನೆಂಟು ಸೆಕೆಂಡು. ಅದು ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಸುತ್ತಿಕೊಂಡು ಹೊಳೆನರಸೀಪುರಕ್ಕೆ ಬಂದು, ತೆಂಗಿನಕಾಯಿ ವರ್ತಕರ ಗುಂಪಿನಲ್ಲಿ ಅಪ್ಪನ ಫೋನಿಗೆ ಬಿತ್ತು. ಕೆಳಗೆ ಯಾವನೋ ಬರೆದಿದ್ದ: "ಪರಮಶಿವಯ್ಯನೋರ ಮಂಡಿಗೆ ಇನ್ಮೇಲೆ ಹಮಾಲಿಗಳು ಬೇಡ ಬಿಡಿ." ಮೂರು ನಗುವ ಮುಖ.

ಹಮಾಲಿ ಎಂಬುದು ಬೈಗುಳವಲ್ಲ, ದುಡಿಮೆಯ ಹೆಸರು. ಬೆಳಿಗ್ಗೆ ಅಪ್ಪನಿಗೆ ಇದನ್ನೇ ಹೇಳಿದೆ. ಅಪ್ಪ ಅಂಗಡಿಯಲ್ಲಿ ಕೂತು ಕಾಯಿಯ ಜುಟ್ಟು ಕೀಳುತ್ತಿದ್ದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನ್ನ ಬಳಿ ಉತ್ತರ ತಯಾರಿತ್ತು.

"ಎತ್ಬೇಡ ಅನ್ನಲ್ಲ ಕಣ್ ಮಗಾ. ಹಾಸನಕ್ಕೆ ಓಗದ್ ಬೇಡ. ಮನೇಲೇ ಎತ್ತು. ಹಿಂದ್ಗಡೆ ಗೋಡೌನು ಅರ್ಧ ಖಾಲಿ ಮಾಡಿಸ್ಕೊಡ್ತೀನಿ. ಅದೇನೇನ್ ಸಾಮಾನ್ ಬೇಕೋ ಹೇಳು, ತರ್ಸ್ಕೊಡ್ತೀನಿ."

"ಫೆಬ್ರವರಿ ಎಂಟಕ್ಕೆ ಹಾಸನದಲ್ಲಿ ಜಿಲ್ಲಾ ತಂಡದ ಆಯ್ಕೆ ಇದೆ. ಅದಕ್ಕೆ?"

"ಅದಿನ್ನೂ ದೂರ ಐತಲ್ಲವ್ವ."

ಬೇಡ ಎನ್ನಲಿಲ್ಲ. ಇಲ್ಲಿ ಬರೆದಿಡುತ್ತೇನೆ: ಬೇಡ ಎನ್ನಲಿಲ್ಲ. ಐವತ್ತೆಂಟು ಕೆಜಿ ವಿಭಾಗದಲ್ಲಿ ಜಿಲ್ಲೆಯಿಂದ ಒಬ್ಬಳೇ ಹೋಗುವುದು. ಆ ಒಬ್ಬಳು ನಾನು.

ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಹೋರಾಟದ ಪುಸ್ತಿಕೆಯೊಂದರಲ್ಲಿ ಇದೆ: ಸಿಕ್ಕಷ್ಟು ನೆಲದ ಮೇಲೆ ಗಟ್ಟಿಯಾಗಿ ನಿಂತು ಮುಂದಿನ ಬೇಡಿಕೆ ಇಡು. ನನಗೀಗ ಅರ್ಧ ಗೋಡೌನು ನೆಲ ಸಿಕ್ಕಿದೆ. ಇದು ನನ್ನೊಬ್ಬಳಿಗಲ್ಲ. ಈ ಪೇಟೆಯ ಎಲ್ಲ ಹುಡುಗಿಯರಿಗೂ ಬಾಗಿಲು ತೆರೆಯುತ್ತೇನೆ. ಶುಲ್ಕವಿಲ್ಲ. ಜಾತಿ ಕೇಳುವುದಿಲ್ಲ. ಬೀದಿಗೆ ಕಾಣುವಂತೆ ಬೋರ್ಡು ಬರೆಸುತ್ತೇನೆ.

ಜನವರಿ 5, ಸೋಮವಾರ

ಗೋಡೌನು ತಯಾರು. ಒಂದು ಕಡೆ ಕಾಯಿ ರಾಶಿ, ಒಂದು ಕಡೆ ನಾನು. ಕಲ್ಲು ಚಪ್ಪಡಿಯ ನೆಲ. ಕಿಟಕಿ ಇಲ್ಲ, ಎತ್ತರದಲ್ಲಿ ಒಂದು ಗವಾಕ್ಷಿ. ಅಂಗಡಿಯ ಕಡೆಗೆ ಶಟರು, ಮನೆಯ ಕಡೆಗೆ ಒಂದು ಬಾಗಿಲು. ಬೀದಿಗೆ ತೆರೆಯುವ ಹಿಂಬಾಗಿಲಿಗೆ ಅಪ್ಪ ಬೀಗ ಹಾಕಿದ್ದಾರೆ.

ಹಾಸನದ ನನ್ನ ಕೋಚ್ ದೇವರಾಜು ಸರ್ ತಮ್ಮ ಹಳೆಯ ಬಾರು, ಅಂದರೆ ಪ್ಲೇಟು ಸಿಕ್ಕಿಸುವ ಉಕ್ಕಿನ ಸರಳು, ಕಳಿಸಿಕೊಟ್ಟರು. ಹದಿನೈದು ಕೆಜಿ. ಪ್ಲೇಟುಗಳು ಹೊಳೆ ದಂಡೆಯ ಮುಚ್ಚಿಹೋದ ಗರಡಿಯವು, ಬರೀ ಕಬ್ಬಿಣ. ಗುಜರಿಯವನಿಂದ ತಂದು, ಲೇತ್ ಅಂಗಡಿಯಲ್ಲಿ ತೂತು ಹಿಗ್ಗಿಸಿಕೊಂಡೆ.

ಈ ಆಟದಲ್ಲಿ ಇಳಿಸುವುದು ಎಂಬುದಿಲ್ಲ. ತಲೆಯ ಮೇಲಕ್ಕೆ ಎತ್ತಬೇಕು, ನಿಲ್ಲಬೇಕು, ಕೈ ಬಿಡಬೇಕು. ಬಿಟ್ಟೆ.

ಸಿಡಿಲಿನಂಥ ಸದ್ದು. ಅಂಗಡಿಯಲ್ಲಿ ಯಾರೋ ಗಿರಾಕಿ, "ಶಿವಶಿವಾ, ಏನ್ ಬಿತ್ತು ಸಾವ್ಕಾರ್ರೇ?" ಅಂದ. ಅಪ್ಪನ ದನಿ ಕೇಳಿಸಿತು: "ಏನಿಲ್ಲ, ಕಾಯಿ ಸುಲಿಯೋ ಮಿಷನ್ ಕೂರಿಸ್ತಾವ್ರೆ."

ನಾನು ಮಿಷನ್. ಇದನ್ನು ಖಂಡಿಸುತ್ತೇನೆ.

ಪಕ್ಕದ ಕೋಣೆ ಅಜ್ಜಿಯದು. ಅಪ್ಪನ ತಾಯಿ, ಬಸವಲಿಂಗಮ್ಮ. ಸೊಂಟ ಮುರಿದು ಎರಡು ವರ್ಷವಾಯಿತು, ಮಂಚ ಬಿಟ್ಟು ಇಳಿದಿಲ್ಲ. ಮಂಚ ನಮ್ಮ ನಡುವಿನ ಗೋಡೆಗೇ ತಾಗಿದೆ. ಗಂಡ ಸತ್ತ ಮೇಲೆ ನಲವತ್ತು ವರ್ಷ ಈ ಮಂಡಿಯಲ್ಲಿ ಕಾಯಿ ಎಣಿಸಿದವಳು. ಬಾರು ಎರಡನೇ ಸಲ ಬಿದ್ದಾಗ ಗೋಡೆಯಾಚೆಯಿಂದ "ಎಲ್ಡು!" ಅಂತ ಕೂಗಿದಳು. ಹೋಗಿ ನೋಡಿದರೆ ಕಣ್ಣು ಮಿಟುಕಿಸುತ್ತಾ ಮಲಗಿದ್ದಾಳೆ.

"ಎಣಿಸ್ತಾ ಇವ್ನಿ ಕಣವ್ವ. ಲಾಭ, ಎಲ್ಡು."

"ಲಾಭ ಯಾಕೆ? ಒಂದು ಅನ್ನು ಅಜ್ಜಿ."

"ಎಣಿಕೆಗೆ ಕೂತೋರು ಒಂದು ಅನ್ನಬಾರ್ದು. ಒಂದು ಅಂದ್ರೆ ಒಂಟಿ. ಮೊದಲ್ನೇದು ಯಾವತ್ತೂ ಲಾಭ."

"ಲಾಭ ಅನ್ನೋದೇ ಶೋಷಣೆಯ ಮೊದಲ ಅಕ್ಷರ."

"ಔದಾ? ಅಂಗಾರೆ ನಿಮ್ಮಪ್ಪಂಗೇಳು ಓಗು. ನಾನ್ ಮಲಗಿವ್ನಿ."

ಜನವರಿ 9, ಶುಕ್ರವಾರ

ಬಂಪರ್ ಪ್ಲೇಟು ಬೇಕೇ ಬೇಕು. ಕಬ್ಬಿಣ ಬಿಟ್ಟರೆ ಚಪ್ಪಡಿ ಒಡೆಯುತ್ತದೆ, ಬಾರು ಬಾಗುತ್ತದೆ. ಬಂಪರ್ ಅಂದರೆ ನಡುವೆ ಉಕ್ಕಿನ ಬಳೆ, ಸುತ್ತ ಗಟ್ಟಿ ರಬ್ಬರು. ಬೀಳಿಸುವುದಕ್ಕೆಂದೇ ಮಾಡಿದ ಪ್ಲೇಟು.

ಎರಡು ಬಗೆ ಇವೆ. ಒಂದು ಹೊಸ ರಬ್ಬರಿನದು: ತೆಳ್ಳಗೆ, ಬಣ್ಣ ಬಣ್ಣ, ಸ್ಪರ್ಧೆಯಲ್ಲಿ ಬಳಸುವುದರ ಹಾಗೇ. ಬಿದ್ದರೆ ಬಿದ್ದಲ್ಲೇ ಇರುತ್ತದೆ, ಸದ್ದು ಮಾಡುತ್ತದೆ. ಇನ್ನೊಂದು ಹಳೆ ಲಾರಿ ಟಯರನ್ನು ಪುಡಿ ಮಾಡಿ ಒತ್ತಿದ್ದು: ಕಪ್ಪು, ದಪ್ಪ, ಬಿದ್ದರೆ ಚೆಂಡಿನ ಹಾಗೆ ಎಗರುತ್ತದೆ, ಸದ್ದು ಕಡಿಮೆ.

ದೇವರಾಜು ಸರ್‌ಗೆ ಫೋನ್ ಮಾಡಿದೆ.

"ಪುಡಿ ರಬ್ಬರ್ ಬ್ಯಾಡ ಕಣಮ್ಮ. ಎಗರಿ ಮೊಣಕಾಲಿಗೆ ಬತ್ತದೆ. ಕೈ ಬಿಡಕ್ಕೇ ಎದ್ರಿಕೆ ಆಯ್ತದೆ ಆಮೇಲೆ. ಆಯ್ಕೆಲಿ ಯಾವ್ದು ಇರ್ತದೋ ಅದ್ರಲ್ಲೇ ಕಲಿ."

ತೀರ್ಮಾನ. ಮೊದಲನೆಯದಾಗಿ ನಿಜವಾದ ತೂಕ. ಹತ್ತು ಎಂದರೆ ಹತ್ತೇ. ಎರಡನೆಯದಾಗಿ ಬಳೆ ಕಳಚಬಾರದು. ಮೂರನೆಯದಾಗಿ ಎಗರಬಾರದು. ಹೊಸ ರಬ್ಬರೇ ಸರಿ. ಹಸಿರು ಹತ್ತು, ಹಳದಿ ಹದಿನೈದು. ಅಪ್ಪನಿಗೆ ಹೇಳಿದೆ. "ಬಂಪರ್ ಪ್ಲೇಟ್ ತಾನೆ? ಅದಕ್ಯಾಕೆ ಇಷ್ಟು ಯೋಚ್ನೆ, ನಂಗ್ ಬಿಡು" ಅಂದರು.

ಜನವರಿ 12, ಸೋಮವಾರ

ಅಪ್ಪ ಹಾಸನಕ್ಕೆ ಹೋಗಿ ಬಂಪರ್ ಪ್ಲೇಟು ತಂದರು. ಲಾರಿಯದು. ಬಂಪರಿಗೆ ಬಡಿಯುವ ಐದಡಿ ಉದ್ದದ ಉಕ್ಕಿನ ತಗಡು. ಪೇಂಟರ್ ಹತ್ತಿರ ಅದರ ಮೇಲೆ ಬರೆಸಿಕೊಂಡೂ ಬಂದಿದ್ದಾರೆ: "ಯಶಸ್ವಿನಿ", ಅದರ ಕೆಳಗೆ "ಅಂತರವಿರಲಿ". ಎರಡು ಬದಿಗೂ ತಾವರೆ.

"ಅವ್ನು ಬರೀ ತಗಡು ಕೊಡಕ್ಕಿಲ್ಲ, ಏನಾರ ಬರೆಸ್ಲೇಬೇಕು ಅಂದ. ನಿನ್ ಹೆಸರ್ ಹೇಳ್ದೆ. ಕೆಳಗಿಂದು ಅವ್ನೇ ಹಾಕ್ದ."

ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ನೋಡಿ ಗೋಡೆ ಹಿಡಿದುಕೊಂಡು ನಕ್ಕಳು. "ಇದನ್ನೆತ್ತಿ ಎಲ್ಲಿ ಕಟ್ಕೊತಾಳ್ರೀ, ಮುಂದಕ್ಕೋ ಹಿಂದಕ್ಕೋ?" ನಾನೂ ನಕ್ಕೆ. ಅಪ್ಪ ಪೆಚ್ಚಾಗಿ ನಿಂತಿದ್ದು ನೋಡಿ ನಗು ನಿಲ್ಲಿಸಿದೆ. ನಾಲ್ಕು ಅಂಗಡಿ ಸುತ್ತಿದ್ದಾರೆ. ಬಿಸಿಲಲ್ಲಿ ಬಸ್ಸಿನ ಮೇಲೆ ಹಾಕಿಕೊಂಡು ಬಂದಿದ್ದಾರೆ.

ಪ್ರೀತಿ ಕೂಡ ಒಂದು ಆಯುಧ ಎಂದು ಪುಸ್ತಿಕೆಯಲ್ಲಿದೆ. ಅದರ ಎದುರು ಏನು ಹಿಡಿಯಬೇಕು ಎಂದು ಇಲ್ಲ.

ತಗಡಿನ ಹಿಂಬದಿ ಖಾಲಿ ಇದೆ. ಬೋರ್ಡು ಬರೆಯಲು ಆಗುತ್ತದೆ.

ಜನವರಿ 15, ಗುರುವಾರ

ಸಂಕ್ರಾಂತಿ. ಎಳ್ಳು ಬೀರಲು ಬಂದವರೆಲ್ಲ ನನ್ನ ತೋಳು ನೋಡಿದರು. ಒಬ್ಬಾಕೆ ತಟ್ಟೆ ಕೊಡುತ್ತಾ, "ಬಾರ ಆಯ್ತದಾ ಯಶು, ಇಡ್ಕಳಕ್ಕೆ?" ಅಂದಳು. ಎಲ್ಲರೂ ನಕ್ಕರು. ಅಮ್ಮನೂ ಸ್ವಲ್ಪ ನಕ್ಕಳು. ನಗದೆ ಇನ್ನೇನು ಮಾಡುತ್ತಾಳೆ.

ಇನ್ನೊಬ್ಬಾಕೆ, "ನಿಮ್ಮನೇಲಿ ಅದೇನ್ ಮಿಷನ್ ಸುವರ್ಣಮ್ಮ, ನಮ್ಮ ಗೋಡೆ ಮೇಲಿನ ಫೋಟೋ ಅಲ್ಲಾಡ್ತವೆ" ಅಂದಳು. ಅಮ್ಮ ನನ್ನ ಮುಖ ನೋಡಿದಳು. ನಾನು ಹೇಳಬೇಕಿತ್ತು, ಮಿಷನ್ ಅಲ್ಲ ನಾನು ಎಂದು. ಎದ್ದು ನೀರು ತರಲು ಒಳಗೆ ಹೋದೆ.

ಸಂಜೆ ಕಬ್ಬಿಣವನ್ನು ಬಿಡಲಿಲ್ಲ. ಎದೆಗೆ, ತೊಡೆಗೆ ತಂದು, ಮಗುವನ್ನು ಮಲಗಿಸಿದ ಹಾಗೆ ನೆಲಕ್ಕೆ ಇಳಿಸಿದೆ. ಮಣಿಕಟ್ಟು ನೋಯುತ್ತಿದೆ. ಇದು ತಾತ್ಕಾಲಿಕ.

ಜನವರಿ 20, ಮಂಗಳವಾರ

ಪ್ಲೇಟಿನ ವಿಷಯ ಮತ್ತೆ ಯೋಚಿಸಿದೆ. ಹಿಂದೆ ಬರೆದದ್ದು ಆತುರದ ತೀರ್ಮಾನ. ಹೊಸ ರಬ್ಬರು ಎಂದರೆ ತೋಟದ ಕೂಲಿಗಳ ರಕ್ತ. ಹಳೆ ಟಯರಿನದು ಬಿಸಾಡಿದ್ದರಿಂದಲೇ ಆದದ್ದು, ದುಡಿದು ಸವೆದದ್ದು. ತಾತ್ವಿಕವಾಗಿ ಅದೇ ಸರಿ.

ಮೀರತ್ತಿನ ಕಂಪನಿಯೊಂದಕ್ಕೆ ಫೋನ್ ಮಾಡಿ ನನ್ನ ಹರಕು ಹಿಂದಿಯಲ್ಲಿ ವಿಚಾರಿಸಿದೆ. ತೂಕ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದಂತೆ. ಇರಲಿ. ಬಳೆ ಗಟ್ಟಿಯೋ ಎಂದು ಕೇಳುವುದು ಮರೆತೆ. ಮೂರು ಸಲ ಕೇಳಿದ್ದು ಒಂದನ್ನೇ: ಸದ್ದು ಎಷ್ಟು? ಅವನು, "ಬೆಹೆನ್‌ಜೀ, ಪಕ್ಕದಲ್ಲಿ ಮಗು ಮಲಗಿದ್ದರೂ ಏಳುವುದಿಲ್ಲ" ಅಂದ.

ಅಪ್ಪ ತಕ್ಷಣ ಆರ್ಡರ್ ಮಾಡಿದರು. ಕೆಳಗೆ ಹಾಸಲು ದಪ್ಪ ಚಾಪೆಯನ್ನೂ ಸೇರಿಸಿದರು.

ಬೇಡ ಎಂದ ದೇವರಾಜು ಸರ್‌ಗೆ ಹೇಳಿಲ್ಲ.

ಜನವರಿ 28, ಬುಧವಾರ

ಬಂತು. ರಬ್ಬರಿನ ವಾಸನೆಗೆ ಕೊಬ್ಬರಿ ವಾಸನೆ ಸೋತುಹೋಯಿತು. ಅಪ್ಪ ತಾವೇ ಪೊಟ್ಟಣ ಬಿಚ್ಚಿ ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸಿಟ್ಟರು. ಐವತ್ತು ಕೆಜಿ ಏರಿಸಿ ಎತ್ತಿ, ಬಿಟ್ಟೆ.

ದಪ್. ಹಾಸಿಗೆ ಮೇಲೆ ದಿಂಬು ಎಸೆದ ಹಾಗೆ.

ಅಪ್ಪ ಅಂಗಡಿಯ ಕಡೆ ಕಿವಿಗೊಟ್ಟರು. ಯಾರೂ ಏನೂ ಕೇಳಲಿಲ್ಲ. ಅಪ್ಪನ ಮುಖ ಅಷ್ಟು ಹಗುರಾದದ್ದು ಈ ತಿಂಗಳಲ್ಲಿ ನಾನು ನೋಡಿರಲಿಲ್ಲ.

"ಇನ್ ನೀನ್ ಎಷ್ಟಾರ ಎತ್ತು ಮಗಾ. ಯಾರ್ಗೂ ಗೊತ್ತಾಗಲ್ಲ."

ಜನವರಿ 30, ಶುಕ್ರವಾರ

ಹನ್ನೆರಡು ಸಲ ಎತ್ತಿದೆ. ಯಾರಿಗೂ ಗೊತ್ತಾಗಲಿಲ್ಲ. ಒಳ್ಳೆಯ ಅಭ್ಯಾಸ.

ಫೆಬ್ರವರಿ 1, ಭಾನುವಾರ

ಗವಾಕ್ಷಿಯಿಂದ ಉಸಿರಿನ ಸದ್ದು ಆಚೆಗೆ ಹೋಗುತ್ತದೇನೋ ಅನಿಸಿತು. ಅಪ್ಪ ತಂದಿದ್ದ ಲಾರಿ ತಗಡನ್ನು ಅಡ್ಡ ಇಟ್ಟೆ. ಸರಿಯಾಗಿ ಕೂತಿತು.

ಫೆಬ್ರವರಿ 3, ಮಂಗಳವಾರ

ವರ್ಷಾ ಬಂದಿದ್ದಳು. ನನ್ನ ಜತೆ ಹಾಸನದಲ್ಲಿ ಎತ್ತುತ್ತಿದ್ದವಳು. ಅರಕಲಗೂಡಿನಿಂದ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಬರುತ್ತಾಳೆ. ಅವಳಪ್ಪ ಹೊಲದವನು, ಮಗಳು ಎಲ್ಲಿ ಎತ್ತುತ್ತಾಳೆ ಎಂದು ಕೇಳುವಷ್ಟು ಬಿಡುವಿಲ್ಲ. ಪ್ಲೇಟು ನೋಡಿ, "ಇದೇನೇ, ಟಯರ್ ಅಂಗಡಿ ಇಟ್ಟಿದ್ದೀಯಾ?" ಅಂದಳು. ಐವತ್ತೈದು ಎತ್ತಿ ಬಿಟ್ಟಳು. ಬಾರು ಎಗರಿ ಅವಳ ಮೊಣಕಾಲಿನ ಹತ್ತಿರ ಬಂತು. ಹಾರಿ ಹಿಂದೆ ಸರಿದಳು.

"ಭಾನ್ವಾರ ಆಯ್ಕೆಗೆ ಬತ್ತೀಯ ತಾನೆ?"

"ಭಾನುವಾರ ತಿಪಟೂರಿನಿಂದ ಲಾರಿ ಬರುತ್ತೆ ಅಂತಿದ್ರು ಅಪ್ಪ. ನೋಡಬೇಕು. ಈ ವರ್ಷ ಇಲ್ಲದಿದ್ದರೆ ಮುಂದಿನ ವರ್ಷ. ಅಡಿಪಾಯ ಗಟ್ಟಿ ಮಾಡಿಕೊಳ್ಳುವುದೂ ಹೋರಾಟವೇ."

ವರ್ಷಾ ನನ್ನನ್ನೇ ನೋಡುತ್ತಿದ್ದಳು. "ಯಾಕೇ ಪಿಸುಗುಡ್ತಿದ್ದೀಯಾ?"

ನಾನೆಲ್ಲಿ ಪಿಸುಗುಟ್ಟುತ್ತಿದ್ದೆ? ಮೆಲ್ಲಗೆ ಮಾತಾಡಿದೆ ಅಷ್ಟೆ. ಅವಳಿಗೆ ಮೊದಲಿನಿಂದಲೂ ಗಂಟಲು ಜೋರು.

ಫೆಬ್ರವರಿ 5, ಗುರುವಾರ

ಅಮ್ಮ ಅಜ್ಜಿಗೆ ಗಂಜಿ ಕೊಟ್ಟು ಬಾ ಎಂದಳು. ಅಜ್ಜಿ ನಾಲ್ಕು ಚಮಚ ಕುಡಿದು ಬಾಯಿ ಮುಚ್ಚಿದಳು.

"ಯಾಕವ್ವ ನಿಲ್ಲಿಸ್ಬುಟ್ಟೆ?"

"ಏನನ್ನ?"

"ಎತ್ತಾದ್ನ."

"ದಿನಾ ಎತ್ತುತ್ತಿದ್ದೀನಿ ಅಜ್ಜಿ. ಇವತ್ತೂ ಎತ್ತಿದೆ."

"ಸುಳ್ಳೇಳ್ಬ್ಯಾಡ. ಸಂಕ್ರಾಂತಿ ಆದಾಗ್ಲಿಂದ ಲಾಭಾನೂ ಬಿದ್ದಿಲ್ಲ."

ರಬ್ಬರಿನ ವಿಷಯ ಬಿಡಿಸಿ ಹೇಳಿದೆ. ಸದ್ದು ಬರುವುದಿಲ್ಲ, ಯಾರಿಗೂ ತೊಂದರೆ ಇಲ್ಲ, ನಿನಗೂ ನಿದ್ದೆ ಆಗುತ್ತದೆ ಎಂದೆ. ಅಜ್ಜಿ ಸೂರು ನೋಡುತ್ತಾ ಕೇಳಿಸಿಕೊಂಡಳು.

"ನಿದ್ದೆ ಯಾವಳಿಗೆ ಬೇಕಾಗಿತ್ತು? ಎಲ್ಡು ವರ್ಸದಿಂದ ಅದೇ ಮಾಡ್ತಾ ಇವ್ನಿ. ನೀನು ಬೀಳಿಸ್ದಾಗ ಮಂಚ ಅಲ್ಲಾಡದು. ಬೆನ್ನಿಗೆ ಗೊತ್ತಾಗದು. ಮಂಡೀಲಿ ಕಾಯಿ ಸುರೀತಾವ್ರೆ, ಎಣಿಸ್ಬೇಕು, ಎದ್ದೇಳು ಬಸವಲಿಂಗಿ ಅನ್ಸದು."

ಬಟ್ಟಲು ಕೆಳಗಿಟ್ಟು ಅವಳ ಬಾಯಿ ಒರೆಸಿದೆ.

"ಅನ್ನೆಲ್ಡರ ಮ್ಯಾಕೆ ಯಾವತ್ತೂ ಓಗ್ನಿಲ್ಲ ನೀನು" ಎಂದಳು. "ಎಷ್ಟಾಯ್ತು ಈಗ?"

ನನಗೆ ಗೊತ್ತಿರಲಿಲ್ಲ. ಎಣಿಸುವುದನ್ನು ನಾನು ಯಾವಾಗ ಬಿಟ್ಟೆ?

ಫೆಬ್ರವರಿ 6, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಹತ್ತೂವರೆಗೆ ಅಂಗಡಿ ತುಂಬ ಜನ ಇದ್ದರು. ನಾನು ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದೆ. ಗವಾಕ್ಷಿಯ ತಗಡು ಇಳಿಸಿದೆ. ಗರಡಿಯ ಕಬ್ಬಿಣ ಏರಿಸಿದೆ. ಅರವತ್ತು. ಕೈ ಜಾರದಿರಲು ಸೀಮೆಸುಣ್ಣದ ಪುಡಿ ಹಚ್ಚಿಕೊಂಡೆ.

ಎತ್ತಿದೆ. ನಿಂತೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಬಿಟ್ಟೆ.

ಚಪ್ಪಡಿ ಎರಡು ಹೋಳಾಯಿತು. ರಾಶಿಯಿಂದ ಏಳೆಂಟು ಕಾಯಿ ಉರುಳಿಕೊಂಡು ನನ್ನ ಕಾಲ ಬಳಿ ಬಂದವು. ಅಂಗಡಿಯಲ್ಲಿ ಮಾತು ನಿಂತುಹೋಯಿತು.

ಗೋಡೆಯಾಚೆಯಿಂದ: "ಲಾಭ!"

ಯಾರೋ ಗಿರಾಕಿ, "ಮಿಷನ್ ಕೆಟ್ಟೋಯ್ತಾ ಸಾವ್ಕಾರ್ರೇ?" ಅಂದ. ಉತ್ತರ ಕೊಟ್ಟವಳು ಅಜ್ಜಿ. ಎಣಿಕೆಯೊಂದನ್ನು ಬಿಟ್ಟರೆ, ಎರಡು ವರ್ಷದಿಂದ ನೀರು ಕೇಳಲೂ ದನಿ ಎತ್ತದವಳು.

"ಮಿಷನ್ ಅಲ್ಲ ಕಣಪ್ಪೋ! ನನ್ ಮೊಮ್ಮಗಳು, ಯಶಸ್ವಿನಿ! ಭಾನ್ವಾರ ಆಸನಕ್ಕೆ ಓಯ್ತಾಳೆ!"

ಶಟರು ಅರ್ಧ ಎದ್ದಿತು. ಅಪ್ಪ ಬಗ್ಗಿ ಒಳಗೆ ಬಂದರು. ಚಪ್ಪಡಿ ನೋಡಿದರು. ಗೋಡೆಗೆ ಒರಗಿಸಿದ್ದ ಕಪ್ಪು ಪ್ಲೇಟುಗಳನ್ನು ನೋಡಿದರು.

"ರಬ್ಬರಿಂದು ಏನಾಯ್ತವ್ವ?"

"ಏನೂ ಆಗಿಲ್ಲ. ಚೆನ್ನಾಗಿದೆ."

"ಮತ್ತೆ?"

ಒಂದು ತಿಂಗಳಿನಿಂದ ಕೂಡಿಟ್ಟ ಉತ್ತರಗಳಿದ್ದವು. ಅವನ್ನು ಬದಿಗಿಟ್ಟೆ. "ಅದರಲ್ಲಿ ಕೇಳಿಸಲ್ಲ ಅಪ್ಪ" ಎಂದೆ.

ಅಪ್ಪ ಕಾಲಿನ ಹತ್ತಿರ ಬಂದಿದ್ದ ಕಾಯಿಯೊಂದನ್ನು ಎತ್ತಿಕೊಂಡರು. ಕಾಯಿ ಕೈಗೆ ಬಂದರೆ ಅವರು ಯಾವಾಗಲೂ ಮಾಡುವುದು ಅದನ್ನೇ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಳಗೆ ನೀರು ಗುಳುಗುಳು ಅಂತು. ನನಗೂ ಕೇಳಿಸಿತು. ಅದನ್ನು ರಾಶಿಗೆ ಹಾಕಿದರು.

"ಕಾಲ್ ಮೇಲೆ ಬೀಳಿಸ್ಕಂಡೀಯ" ಎಂದರು.

ಹೋಗುವಾಗ ಶಟರು ಇಳಿಸಲಿಲ್ಲ. ಅಂಗಡಿಯ ಜನ ಬಗ್ಗಿ ಬಗ್ಗಿ ಒಳಗೆ ನೋಡುತ್ತಿದ್ದರು. ನಾನು ಮತ್ತೆ ಪುಡಿ ಹಚ್ಚಿಕೊಂಡೆ.

ಫೆಬ್ರವರಿ 8, ಭಾನುವಾರ

ಅಪ್ಪ ಹೋಗು ಎನ್ನಲಿಲ್ಲ. ಬೆಳಿಗ್ಗೆ ಐದೂವರೆಗೆ ನೋಡಿದರೆ ಹಿಂಬಾಗಿಲಿಗೆ ಬೀಗ ಇರಲಿಲ್ಲ. ಅಮ್ಮ ಚಿತ್ರಾನ್ನದ ಡಬ್ಬಿ ಚೀಲಕ್ಕೆ ಹಾಕಿ, ಬೀದಿಯ ಎರಡೂ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಹಾಸನದ ಸಭಾಂಗಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನ್ ಹಿಡಿದವರು ಇಲ್ಲೂ ಹತ್ತು ಜನ ಇದ್ದಾರೆ. ಹಿಡಿಯಲಿ. ಎತ್ತುವುದರಲ್ಲಿ ಎರಡು ಬಗೆ, ಒಂದೊಂದಕ್ಕೂ ಮೂರು ಅವಕಾಶ. ಒಂದು ಬಗೆಯದು ಮುಗಿಯಿತು, ಇನ್ನೊಂದು ಸ್ವಲ್ಪ ಹೊತ್ತಿಗೆ ಶುರು. ಆಯ್ಕೆಯಾದವರ ಪಟ್ಟಿ ಸಂಜೆ ಹಾಕುತ್ತಾರಂತೆ. ಅಜ್ಜಿ ಎಣಿಕೆ ಬರೆದುಕೊಂಡು ಬಾ ಅಂದಿದ್ದಳು, ಅದಕ್ಕೆ ಬರೆದಿಡುತ್ತಿದ್ದೇನೆ.

ಲಾಭ, ಐವತ್ತೆಂಟು ಕೆಜಿ.

ಎರಡು, ಅರವತ್ತೊಂದು.

ಮೂರು, ಅರವತ್ತನಾಲ್ಕು. ಬಿಟ್ಟಾಗ ಬಾಗಿಲ ಹತ್ತಿರ ಟೀ ಕುಡಿಯುತ್ತಿದ್ದವರೂ ತಿರುಗಿ ನೋಡಿದರು.